ನರ್ಸಿಂಗ್ ಓದುವ ಮಕ್ಕಳ ಬಳಲಿಕೆ: ಮನೆಯವರು ತಿಳಿದಿರಬೇಕಾದ ಸಂಗತಿಗಳು

ಕೃಷಿ ಮತ್ತು ಆರೋಗ್ಯ



ಈ ಪುಟದಲ್ಲಿ ಸಾಮಾನ್ಯವಾಗಿ ಬೆಳೆಗೆ ಬರುವ ರೋಗ, ದನಕ್ಕೆ ಬರುವ ರೋಗ, ಮನುಷ್ಯರಿಗೆ ಬರುವ ರೋಗಗಳ ವಿಚಾರ ಓದುತ್ತೀರಿ. ಈ ಬಾರಿ ರೋಗಿಗಳನ್ನು ನೋಡಿಕೊಳ್ಳಲು ಕಲಿಯುತ್ತಿರುವ ನಮ್ಮದೇ ಮಕ್ಕಳ ಆರೋಗ್ಯದ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಕಂಬಂ, ಚಿನ್ನಮನೂರು, ಬೋಡಿ ಕಡೆಯ ದ್ರಾಕ್ಷಿ ಮತ್ತು ಬಾಳೆ ತೋಟಗಳ ಮನೆಗಳಿಂದ, ಒಡ್ಡನ್‌ಛತ್ರಂ, ದಿಂಡಿಗಲ್ ಕಡೆಯ ತರಕಾರಿ ಹೊಲಗಳ ಮನೆಗಳಿಂದ ಅನೇಕ ಹೆಣ್ಣುಮಕ್ಕಳು ಮತ್ತು ಕೆಲವು ಗಂಡುಮಕ್ಕಳು ನರ್ಸಿಂಗ್ ವ್ಯಾಸಂಗಕ್ಕೆ ಹೋಗಿದ್ದಾರೆ. ಕೆಲವರು ಹತ್ತಿರದಲ್ಲೇ ಓದುತ್ತಾರೆ. ಕೆಲವರು ಮಧುರೆ, ಕೊಯಮತ್ತೂರು, ಬೆಂಗಳೂರಿನ ತನಕ ಹೋಗಿದ್ದಾರೆ. ಜಮೀನಿನ ಪತ್ರ ಇಟ್ಟು, ಒಡವೆ ಅಡವಿಟ್ಟು ಫೀಸು ಕಟ್ಟಿದ ಮನೆಗಳೂ ಇವೆ.

ಹಾಗೆ ಹೋದ ಮಗಳು ಎರಡನೆಯ ವರ್ಷದಲ್ಲೋ ಮೂರನೆಯ ವರ್ಷದಲ್ಲೋ ಒಂದು ರಾತ್ರಿ ಫೋನ್ ಮಾಡಿ, "ಅಪ್ಪಾ, ನನ್ನಿಂದ ಆಗೋದಿಲ್ಲ, ಊರಿಗೆ ಬಂದುಬಿಡ್ತೀನಿ" ಎಂದು ಅಳುತ್ತಾಳೆ. ಅಪ್ಪನಿಗೆ ಎದೆ ಧಸಕ್ಕೆನ್ನುತ್ತದೆ. ಕಟ್ಟಿದ ಹಣ ಕಣ್ಣಮುಂದೆ ಬರುತ್ತದೆ, ಊರವರ ಮಾತು ಕಿವಿಯಲ್ಲಿ ಕೇಳುತ್ತದೆ. "ಎಲ್ಲರೂ ಓದಲ್ವಾ? ಸ್ವಲ್ಪ ತಡ್ಕೋ ಮಗಳೇ" ಎಂದು ಹೇಳಿ ಫೋನ್ ಇಟ್ಟುಬಿಡುತ್ತಾನೆ. ಈ ಉತ್ತರ ಪ್ರೀತಿಯಿಂದಲೇ ಬಂದದ್ದು. ಆದರೆ ಇದು ಸಾಕೇ? ಆ ಹೊತ್ತಿನಲ್ಲಿ ಏನು ಕೇಳಬೇಕು, ಏನು ಹೇಳಬೇಕು, ಏನು ಮಾಡಬೇಕು ಎಂಬುದನ್ನು ನಾವು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು.

ಈ ಓದು ಎಷ್ಟು ಭಾರ?

ಮೊದಲು ಮಕ್ಕಳ ದಿನಚರಿ ನಮಗೆ ಅರ್ಥವಾಗಬೇಕು. ಬಿ.ಎಸ್ಸಿ. ನರ್ಸಿಂಗ್ 4 ವರ್ಷದ ಓದು. ಭಾರತೀಯ ನರ್ಸಿಂಗ್ ಪರಿಷತ್ತು 2021ರಲ್ಲಿ ಹೊಸ ಪಠ್ಯಕ್ರಮ ತಂದು ಅದನ್ನು 8 ಸೆಮಿಸ್ಟರ್‌ಗಳಾಗಿ ಹಂಚಿತು. ವಾರಕ್ಕೆ 40 ಗಂಟೆ ಪಾಠ ಮತ್ತು ವಾರ್ಡಿನ ಕೆಲಸ. ಕೊನೆಯ ಸೆಮಿಸ್ಟರಿನ ಇಂಟರ್ನ್‌ಶಿಪ್‌ನಲ್ಲಿ ವಾರಕ್ಕೆ 48 ಗಂಟೆ. ಇದರ ಮೇಲೆ ಓದು, ಬರೆಯುವ ಕೆಲಸ, ಪರೀಕ್ಷೆ. ಪರೀಕ್ಷೆಗೆ ಕೂರಲು ಶೇಕಡಾ 80ರಷ್ಟು ಹಾಜರಿ ಬೇಕು, ಯಾವ ಕಾರಣಕ್ಕೆ ರಜೆ ಹಾಕಿದರೂ ಅದು ರಜೆಯೇ. ವಾರ್ಡಿನ ಕೆಲಸವನ್ನಂತೂ ಪದವಿ ಕೈಗೆ ಬರುವ ಮೊದಲು ಪೂರ್ತಿ ಶೇಕಡಾ 100 ಮುಗಿಸಿರಬೇಕು. ಆದ್ದರಿಂದ ಜ್ವರ ಬಂದು ನಾಲ್ಕು ದಿನ ಮಲಗಿದರೂ ಆ ನಾಲ್ಕು ದಿನವನ್ನು ಮುಂದೆ ತುಂಬಿಕೊಡಬೇಕಾಗುತ್ತದೆ.

ಬೇರೆ ಕಾಲೇಜಿನ ಹುಡುಗಿ ಪುಸ್ತಕದಲ್ಲಿ ಓದಿದ್ದನ್ನು ಪರೀಕ್ಷೆಯಲ್ಲಿ ಬರೆದರೆ ಮುಗಿಯಿತು. ನರ್ಸಿಂಗ್ ಹುಡುಗಿ ಹದಿನೆಂಟು, ಹತ್ತೊಂಬತ್ತರ ವಯಸ್ಸಿನಲ್ಲೇ ಗಾಯ ತೊಳೆಯುತ್ತಾಳೆ, ಹೆರಿಗೆ ನೋಡುತ್ತಾಳೆ, ಸಾವನ್ನೂ ನೋಡುತ್ತಾಳೆ. ಬೆಳಿಗ್ಗೆ ಮಾತನಾಡಿಸಿದ ರೋಗಿಯ ಹಾಸಿಗೆ ಸಂಜೆಗೆ ಖಾಲಿಯಾಗಿರುತ್ತದೆ. ಅದರ ನಡುವೆ ರೋಗಿಯ ಕಡೆಯವರ ಬೈಗುಳ, ಹಿರಿಯ ಸಿಬ್ಬಂದಿಯ ಗದರಿಕೆ. ನಮ್ಮ ಕನ್ನಡ ಮನೆಗಳ ಮಕ್ಕಳಿಗೆ ಇನ್ನೊಂದು ಹೊರೆಯೂ ಇದೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು, ಕಾಲೇಜಿಗೆ ಹೋದರೆ ಎಲ್ಲವೂ ಇಂಗ್ಲಿಷ್. ಬೆಂಗಳೂರಿಗೆ ಹೋದರೆ ಅಲ್ಲಿಯವರ ಕನ್ನಡ ಬೇರೆ, ನಮ್ಮ ಮನೆಮಾತಿನ ಕನ್ನಡ ಬೇರೆ. ಬಾಯಿ ತೆರೆದರೆ ನಗುತ್ತಾರೇನೋ ಎಂಬ ಅಂಜಿಕೆಯಿಂದ ಸುಮ್ಮನಾಗುವ ಮಕ್ಕಳಿದ್ದಾರೆ.

ಪದವಿ ಮುಗಿಸಿ ಎಂ.ಎಸ್ಸಿ. ನರ್ಸಿಂಗ್ ಸೇರಿದವರ ಕಷ್ಟ ಇನ್ನೊಂದು ಬಗೆಯದು. ಅದು 2 ವರ್ಷದ ಓದು. ಬಿ.ಎಸ್ಸಿ. ಮುಗಿಸಿ ಕನಿಷ್ಠ 1 ವರ್ಷ ಕೆಲಸ ಮಾಡಿದವರಿಗೇ ಪ್ರವೇಶ. ಆದ್ದರಿಂದ ಇವರಲ್ಲಿ ಹಲವರು ಸಂಬಳದ ಕೆಲಸ ಬಿಟ್ಟು ಬಂದವರು, ಮದುವೆಯಾದವರು, ಮಗುವನ್ನು ಅತ್ತೆಯ ಬಳಿ ಬಿಟ್ಟು ಬಂದವರು. ಹಗಲು ವಾರ್ಡು, ಕಿರಿಯರಿಗೆ ಪಾಠ, ರಾತ್ರಿ ಪ್ರಬಂಧದ ಕೆಲಸ. "ಇಷ್ಟು ಓದಿದ್ದು ಸಾಲದೇ?" ಎಂಬ ಮಾತು ಬೇರೆ ಕೇಳಬೇಕು.

ಬಳಲಿಕೆ ಎಂದರೆ ಏನು?

ದಣಿವು ಬೇರೆ, ಇಲ್ಲಿ ಹೇಳುತ್ತಿರುವ ಬಳಲಿಕೆ ಬೇರೆ. ದಣಿವು ಒಂದು ರಾತ್ರಿಯ ನಿದ್ದೆಯಿಂದ, ಒಂದು ಭಾನುವಾರದ ವಿಶ್ರಾಂತಿಯಿಂದ ಹೋಗುತ್ತದೆ. ಈ ಬಳಲಿಕೆ ಹಾಗೆ ಹೋಗುವುದಿಲ್ಲ. ಇಂಗ್ಲಿಷಿನಲ್ಲಿ ಇದಕ್ಕೆ 'ಬರ್ನ್‌ಔಟ್' ಎನ್ನುತ್ತಾರೆ, ಉರಿದು ಮುಗಿಯುವುದು ಎಂದು ಅರ್ಥ. ನ್ಯೂಯಾರ್ಕಿನಲ್ಲಿ ಬಡವರ ಉಚಿತ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದ ಹರ್ಬರ್ಟ್ ಫ್ರಾಯ್ಡನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞರು 1974ರಲ್ಲಿ ಈ ಪದವನ್ನು ಬಳಸಿ ಬರೆದರು. ಸೇವೆ ಮಾಡಲು ಉತ್ಸಾಹದಿಂದ ಬಂದವರೇ ಕೆಲವು ತಿಂಗಳಲ್ಲಿ ಬತ್ತಿಹೋಗುವುದನ್ನು ಅವರು ಕಂಡಿದ್ದರು. ಅನಂತರ ಅಮೆರಿಕದ ಕ್ರಿಸ್ಟೀನಾ ಮಾಸ್ಲಾಕ್ ಅವರು ಸಂಗಡಿಗರೊಂದಿಗೆ 1981ರಲ್ಲಿ ಇದನ್ನು ಅಳೆಯುವ ಒಂದು ಪ್ರಶ್ನಾವಳಿ ಸಿದ್ಧಪಡಿಸಿದರು. ಅವರು ಹೇಳಿದ ಮೂರು ಲಕ್ಷಣಗಳು ಹೀಗಿವೆ:

1. ಮನಸ್ಸಿನ ಶಕ್ತಿ ಬತ್ತುವುದು. ಬೆಳಿಗ್ಗೆ ಏಳುವಾಗಲೇ ಆಯಾಸ.

2. ರೋಗಿಯ ಮೇಲೆ ಮನಸ್ಸು ಕಲ್ಲಾಗುವುದು. ಮೊದಲು "ಅಜ್ಜಿ", "ಅಣ್ಣ" ಎಂದು ಕರೆಯುತ್ತಿದ್ದವಳು ಈಗ "12ನೆಯ ಹಾಸಿಗೆ" ಎಂದಷ್ಟೇ ಹೇಳುತ್ತಾಳೆ.

3. "ನಾನು ಯಾವುದಕ್ಕೂ ಲಾಯಕ್ಕಿಲ್ಲ, ಮಾಡಿದ್ದೆಲ್ಲ ವ್ಯರ್ಥ" ಎಂಬ ಭಾವನೆ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಅಂಗೀಕರಿಸಿ 2022ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಬರ್ನ್‌ಔಟನ್ನು ಒಂದು ರೋಗ ಎಂದು ಕರೆದಿಲ್ಲ. ಕೆಲಸದ ಒತ್ತಡವನ್ನು ಸರಿಯಾಗಿ ನಿಭಾಯಿಸದೇ ಹೋದಾಗ ಬರುವ ಸ್ಥಿತಿ ಎಂದು ಕರೆದಿದೆ. ಇದನ್ನು ನಾವು ಗಮನಿಸಬೇಕು. ಹುಡುಗಿಯ ಸ್ವಭಾವ ಸರಿಯಿಲ್ಲ, ಅವಳು ಸೋಮಾರಿ, ಅವಳಿಗೆ ಮನೋರೋಗ ಎಂದೆಲ್ಲ ತೀರ್ಮಾನಿಸುವ ಮೊದಲು ಅವಳ ಮೇಲಿರುವ ಕೆಲಸದ ಭಾರ ಎಷ್ಟು, ಅದನ್ನು ಹೊರಲು ಅವಳಿಗೆ ಯಾರ ಆಸರೆ ಇದೆ ಎಂದು ನೋಡಬೇಕು.

ರೈತರಿಗೆ ಇದನ್ನು ತಿಳಿಯುವುದು ಕಷ್ಟವಲ್ಲ. 1895ರಿಂದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ನಮ್ಮ ಕಣಿವೆಗೆ ಬರುತ್ತಿದೆ. ಮಳೆ ಕಡಿಮೆಯಾದ ವರ್ಷ ನೀರನ್ನು ಸರದಿಯ ಮೇಲೆ ಬಿಡುತ್ತಾರೆ. ಒಳಗೆ ಬರುವ ನೀರಿಗಿಂತ ಹೊರಗೆ ಬಿಡುವ ನೀರು ಹೆಚ್ಚಾದರೆ ಎಷ್ಟು ದೊಡ್ಡ ಅಣೆಕಟ್ಟಾದರೂ ತಳ ಕಾಣುತ್ತದೆ. ಆಗ ಅಣೆಕಟ್ಟನ್ನು ಬೈದು ಪ್ರಯೋಜನವಿಲ್ಲ. ಹೊರಗೆ ಹೋಗುವುದನ್ನು ತಗ್ಗಿಸಬೇಕು, ಒಳಗೆ ಬರುವುದಕ್ಕೆ ದಾರಿ ಮಾಡಬೇಕು. ದ್ರಾಕ್ಷಿಯದೂ ಹಾಗೆಯೇ. ಬೇರೆ ಕಡೆ ಕೆಲವು ತಿಂಗಳು ಮಾತ್ರ ಸಿಗುವ ದ್ರಾಕ್ಷಿ ಕಂಬಂ ಕಣಿವೆಯಲ್ಲಿ ವರ್ಷವಿಡೀ ಸಿಗುತ್ತದೆ. 2023ರಲ್ಲಿ ನಮ್ಮ ಪನ್ನೀರ್ ದ್ರಾಕ್ಷಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಆದರೆ ಕೊಯ್ಲಿನ ಬಳಿಕ ಗೊಬ್ಬರ ಹಾಕದೆ, ಬಳ್ಳಿಗೆ ಬಿಡುವು ಕೊಡದೆ ಮತ್ತೆ ಕತ್ತರಿ ಹಿಡಿದರೆ ಏನಾಗುತ್ತದೆ ಎಂದು ತೋಟದವರನ್ನು ಕೇಳಿ.

ಯಾವ ಗುರುತುಗಳನ್ನು ನೋಡಬೇಕು?

ದೂರದಲ್ಲಿರುವ ಮಗಳ ಮುಖ ನಮಗೆ ದಿನವೂ ಕಾಣುವುದಿಲ್ಲ. ಆದರೂ ಫೋನಿನಲ್ಲಿ ಮತ್ತು ರಜೆಗೆ ಬಂದಾಗ ಕೆಲವು ಗುರುತುಗಳು ತಿಳಿಯುತ್ತವೆ. ನಿದ್ದೆ ಬರುವುದಿಲ್ಲ ಅಥವಾ ಎಷ್ಟು ಮಲಗಿದರೂ ಸಾಲದು ಎನ್ನುವುದು, ಮತ್ತೆ ಮತ್ತೆ ತಲೆನೋವು, ಹೊಟ್ಟೆ ಉರಿ, ಮುಟ್ಟು ಏರುಪೇರಾಗುವುದು, ಬೆಳಗಿನ ಊಟ ಬಿಡುವುದು, ಸಣ್ಣ ಮಾತಿಗೂ ಸಿಡುಕುವುದು ಅಥವಾ ಮಾತೇ ಕಡಿಮೆಯಾಗುವುದು, ಮೊದಲು ವಾರ್ಡಿನ ಕಥೆ ಹೇಳುತ್ತಿದ್ದವಳು ಈಗ ಏನು ಕೇಳಿದರೂ "ಪರವಾಗಿಲ್ಲ" ಎಂದಷ್ಟೇ ಹೇಳುವುದು, ಪರೀಕ್ಷೆಯಲ್ಲಿ ಒಮ್ಮೆಲೇ ಹಿಂದೆ ಬೀಳುವುದು. ಇವುಗಳಲ್ಲಿ ಒಂದು ಇದ್ದ ಮಾತ್ರಕ್ಕೆ ಹೆದರಬೇಕಾಗಿಲ್ಲ. ಮೂರು ನಾಲ್ಕು ಒಟ್ಟಿಗೆ ಕಂಡು ವಾರಗಟ್ಟಲೆ ಉಳಿದರೆ ಕುಳಿತು ಮಾತಾಡಬೇಕು.

ಒಂದು ಎಚ್ಚರಿಕೆ. ಎಲ್ಲ ಆಯಾಸವೂ ಮನಸ್ಸಿನದಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಮಂದಿಗೆ ರಕ್ತಹೀನತೆ ಇದೆ. ಗರ್ಭಿಣಿಯಲ್ಲದ ಹೆಣ್ಣುಮಗಳಿಗೆ ಹಿಮೋಗ್ಲೋಬಿನ್ 12 ಗ್ರಾಮಿಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. ಥೈರಾಯ್ಡ್ ತೊಂದರೆಯೂ ಹೀಗೆಯೇ ಆಯಾಸ, ಬೇಸರ ತರುತ್ತದೆ. ಮಗಳು ರಜೆಗೆ ಬಂದಾಗ ಮೊದಲು ಈ ಎರಡು ರಕ್ತಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆ ಬೇಕಾದವಳಿಗೆ ಧೈರ್ಯದ ಮಾತು ಮಾತ್ರ ಹೇಳಿದರೆ ಏನು ಪ್ರಯೋಜನ?

ತಾಳುವ ಶಕ್ತಿ ಎಲ್ಲಿಂದ ಬರುತ್ತದೆ?

ಕಷ್ಟ ಬಂದಾಗ ಬಾಗಿ, ಮುರಿಯದೆ, ಮತ್ತೆ ನೆಟ್ಟಗಾಗುವ ಶಕ್ತಿ ಕೆಲವರಿಗೆ ಹುಟ್ಟಿನಿಂದ ಇರುತ್ತದೆ, ಕೆಲವರಿಗೆ ಇಲ್ಲ ಎಂದು ನಾವು ಅಂದುಕೊಳ್ಳುತ್ತೇವೆ. ಹವಾಯಿ ದ್ವೀಪಗಳಲ್ಲಿ ಒಂದಾದ ಕೌವಾಯಿಯಲ್ಲಿ 1955ರಲ್ಲಿ ಹುಟ್ಟಿದ 698 ಮಕ್ಕಳನ್ನು ಎಮ್ಮಿ ವರ್ನರ್ ಎಂಬ ಸಂಶೋಧಕಿ ಮತ್ತು ಅವರ ಸಂಗಡಿಗರು ಹಲವು ದಶಕಗಳ ಕಾಲ ಗಮನಿಸಿದರು. ಬಡತನ, ಮನೆಯ ಜಗಳ, ಹೆತ್ತವರ ಕುಡಿತ ಅಥವಾ ಕಾಯಿಲೆ, ಹೀಗೆ ಹಲವು ಕಷ್ಟಗಳ ನಡುವೆ ಬೆಳೆದ ಮಕ್ಕಳಲ್ಲಿಯೂ ಸುಮಾರು ಮೂರರಲ್ಲಿ ಒಂದು ಪಾಲು ಮಕ್ಕಳು ಒಳ್ಳೆಯ, ಸಮರ್ಥ ಮನುಷ್ಯರಾಗಿ ಬೆಳೆದರು. ಆ ಮಕ್ಕಳಿಗೆ ಇದ್ದ ಒಂದು ಮುಖ್ಯ ಆಸರೆ ಎಂದರೆ, ತಮ್ಮನ್ನು ನಂಬಿ ಪ್ರೀತಿಸುವ ಒಬ್ಬ ಹಿರಿಯರಾದರೂ ಜೊತೆಗಿದ್ದರು. ಅದು ತಾಯಿಯೇ ಆಗಬೇಕೆಂದಿಲ್ಲ. ಅಜ್ಜಿ, ಚಿಕ್ಕಮ್ಮ, ಶಾಲೆಯ ಮೇಷ್ಟ್ರು, ಯಾರಾದರೂ ಆಗಬಹುದು.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಂದು ಸಾಕ್ಷಿ ಇದೆ. ದಿಂಡಿಗಲ್ ಬಳಿ 1947ರಲ್ಲಿ ಗಾಂಧಿಗ್ರಾಮವನ್ನು ಸ್ಥಾಪಿಸಿದ ಡಾ. ಟಿ. ಎಸ್. ಸೌಂದರಂ ಅವರು ಎಳೆಯ ವಯಸ್ಸಿನಲ್ಲೇ ಮದುವೆಯಾಗಿ, ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡವರು. ಆ ಕಾಲದಲ್ಲಿ ಅಂಥ ಹುಡುಗಿಯನ್ನು ಮೂಲೆಯಲ್ಲಿ ಕೂರಿಸುತ್ತಿದ್ದರು. ಅವರ ಹೆತ್ತವರು ಹಾಗೆ ಮಾಡದೆ ಮತ್ತೆ ಓದಿಸಿದರು. ಅವರು ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜಿನಲ್ಲಿ ಓದಿ 1936ರಲ್ಲಿ ವೈದ್ಯೆಯಾದರು. ಗಾಂಧಿಗ್ರಾಮದ ಕಸ್ತೂರಬಾ ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಂದಿರು ನಮ್ಮ ಊರುಗಳಲ್ಲಿ ಎಷ್ಟು ಮಂದಿ! ಸೌಂದರಂ ಅವರ ಛಲ ದೊಡ್ಡದು, ನಿಜ. ಆ ಛಲಕ್ಕೆ ಹಿಂದೆ ನಿಂತ ಮನೆಯೂ ದೊಡ್ಡದು.

ಹೊಸ ಹೋರಿಯನ್ನು ನೇಗಿಲಿಗೆ ಹೂಡುವಾಗ ನಮ್ಮ ಹಿರಿಯರು ಏನು ಮಾಡುತ್ತಿದ್ದರು? ಪಳಗಿದ ಎತ್ತಿನ ಜೊತೆ ಕಟ್ಟುತ್ತಿದ್ದರು. ಮೊದಲ ದಿನ ಸ್ವಲ್ಪ ಹೊತ್ತು ಮಾತ್ರ ಉಳುತ್ತಿದ್ದರು. ಎರಡು ಹೊಸ ಹೋರಿಗಳನ್ನು ಒಂದೇ ನೊಗಕ್ಕೆ ಹೂಡಿ ಚಾಟಿ ಬೀಸುವವನನ್ನು ಯಾರೂ ಒಳ್ಳೆಯ ರೈತ ಎನ್ನುತ್ತಿರಲಿಲ್ಲ. ನರ್ಸಿಂಗ್ ವಿದ್ಯಾರ್ಥಿಗೂ ವಾರ್ಡಿನಲ್ಲಿ ಪಳಗಿದವರೊಬ್ಬರ ಜೊತೆ ಬೇಕು. ತಾಳ್ಮೆಯಿಂದ ಕಲಿಸುವ ಒಬ್ಬ ಸಿಸ್ಟರ್, ಒಬ್ಬ ಹಿರಿಯ ವಿದ್ಯಾರ್ಥಿನಿ ಇದ್ದರೆ ಅರ್ಧ ಭಾರ ಇಳಿಯುತ್ತದೆ.

ವಿದ್ಯಾರ್ಥಿಗಳಿಗೆ ಕೆಲವು ಸಲಹೆಗಳು

ಈ ಭಾಗವನ್ನು ನಿಮ್ಮ ಮಕ್ಕಳಿಗೆ ಓದಿ ಹೇಳಿ, ಅಥವಾ ಫೋಟೋ ತೆಗೆದು ಕಳುಹಿಸಿ.

1. ನಿದ್ದೆಯನ್ನು ಕದಿಯಬೇಡಿ. ಬೆಳೆದವರಿಗೆ ದಿನಕ್ಕೆ 7 ಗಂಟೆಯಾದರೂ ನಿದ್ದೆ ಬೇಕು. ರಾತ್ರಿ ಪಾಳಿಗೆ ಹೋಗುವ ಮೊದಲು ಮಧ್ಯಾಹ್ನ ಸ್ವಲ್ಪ ಮಲಗಿ. ಪಾಳಿಯ ಕೊನೆಯ ಗಂಟೆಗಳಲ್ಲಿ ಕಾಫಿ, ಟೀ ಬೇಡ. ಬೆಳಿಗ್ಗೆ ಬಂದ ಮೇಲೆ ಏನಾದರೂ ತಿಂದು, ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಫೋನ್ ದೂರ ಇಟ್ಟು ಮಲಗಿ.

2. ಹೊತ್ತಿಗೆ ಸರಿಯಾಗಿ ತಿನ್ನಿ. ಹಾಸ್ಟೆಲಿನ ಊಟ ಹಿಡಿಸದಿದ್ದರೆ ಮನೆಯಿಂದ ರಾಗಿ ಹುರಿಹಿಟ್ಟು, ಕಡಲೆಕಾಯಿ, ಬೆಲ್ಲ, ಎಳ್ಳುಂಡೆ ತೆಗೆದುಕೊಂಡು ಹೋಗಿ. ನುಗ್ಗೆಸೊಪ್ಪು, ಬೇಳೆ, ಮೊಟ್ಟೆ ಸಿಕ್ಕಾಗ ಬಿಡಬೇಡಿ. ಊಟದ ಜೊತೆ ನಿಂಬೆ ಅಥವಾ ನೆಲ್ಲಿಕಾಯಿ ಇದ್ದರೆ ಕಬ್ಬಿಣದ ಅಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಟೀ ಕುಡಿದರೆ ಅದು ಕಡಿಮೆಯಾಗುತ್ತದೆ.

3. ಮೊದಲ ಸಾವನ್ನು ಒಬ್ಬರೇ ಹೊರಬೇಡಿ. ನಿಮ್ಮ ಕೈಯಲ್ಲಿದ್ದ ರೋಗಿ ತೀರಿಹೋದ ದಿನ ಅಳು ಬಂದರೆ ಅದು ದೌರ್ಬಲ್ಯವಲ್ಲ. ಆ ದಿನವೇ ಗೆಳತಿಯೊಂದಿಗೆ, ಟ್ಯೂಟರ್‌ರೊಂದಿಗೆ ಮಾತನಾಡಿ. ಏನಾಯಿತು, ನಾನು ಏನು ಮಾಡಿದೆ, ನನ್ನ ಕೈಯಲ್ಲಿ ಇಲ್ಲದ್ದು ಏನಿತ್ತು, ಈ ಮೂರನ್ನು ಬಾಯಿಬಿಟ್ಟು ಹೇಳಿದರೆ ಮನಸ್ಸು ಹಗುರಾಗುತ್ತದೆ.

4. ಸೂಜಿ ಚುಚ್ಚಿದರೆ ಮುಚ್ಚಿಡಬೇಡಿ. ನಿದ್ದೆಗೆಟ್ಟ ಕೈಗೆ ಸೂಜಿ ತಾಗುವುದು ಸುಲಭ. ಬೈಯುತ್ತಾರೆಂದು ಹೆದರಿ ಸುಮ್ಮನಿರುವವರು ಇದ್ದಾರೆ. ತಕ್ಷಣ ಸಾಬೂನು ನೀರಿನಿಂದ ತೊಳೆಯಿರಿ, ಗಾಯವನ್ನು ಹಿಂಡಬೇಡಿ, ಆ ಕ್ಷಣವೇ ಮೇಲಿನವರಿಗೆ ತಿಳಿಸಿ. ಎಚ್.ಐ.ವಿ. ತಡೆಯುವ ಔಷಧ ಬೇಕಾದರೆ ಆದಷ್ಟು ಬೇಗ, ಸಾಧ್ಯವಾದರೆ 2 ಗಂಟೆಯೊಳಗೆ, ಹೆಚ್ಚೆಂದರೆ 72 ಗಂಟೆಯೊಳಗೆ ಶುರುವಾಗಬೇಕು. ಹೆಪಟೈಟಿಸ್ ಬಿ ಲಸಿಕೆಯ 3 ಸುತ್ತುಗಳನ್ನು ವಾರ್ಡಿಗೆ ಹೋಗುವ ಮೊದಲೇ ಶುರುಮಾಡಿ, ತಪ್ಪದೆ ಮುಗಿಸಿ.

5. ಓದನ್ನು ತುಂಡು ಮಾಡಿ. ಒಂದು ರಾತ್ರಿಯಲ್ಲಿ ಇಡೀ ಪುಸ್ತಕ ಓದುವುದಕ್ಕಿಂತ ದಿನಕ್ಕೆ ಮುಕ್ಕಾಲು ಗಂಟೆ ಓದಿದ್ದು ತಲೆಯಲ್ಲಿ ಉಳಿಯುತ್ತದೆ. ಇಂಗ್ಲಿಷ್ ಕಷ್ಟವಾದರೆ ದಿನಕ್ಕೆ ಹತ್ತು ಪದ ಬರೆದು, ಅದರ ಅರ್ಥವನ್ನು ನಿಮ್ಮ ಮಾತಿನಲ್ಲೇ ಪಕ್ಕದಲ್ಲಿ ಬರೆದುಕೊಳ್ಳಿ.

6. ವಾರದಲ್ಲಿ ಒಂದು ಹೊತ್ತು ನಿಮ್ಮದಾಗಿರಲಿ. ನಡಿಗೆ, ಹಾಡು, ಆಟ, ಪ್ರಾರ್ಥನೆ, ಯಾವುದು ನಿಮಗೆ ನೆಮ್ಮದಿಯೋ ಅದು.

7. ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ, ಮೈಮುಟ್ಟಿದರೆ, ರ್‍ಯಾಗಿಂಗ್ ಮಾಡಿದರೆ ಅದನ್ನು 'ತಾಳಿಕೊಳ್ಳುವ ಶಕ್ತಿ'ಯ ಲೆಕ್ಕಕ್ಕೆ ಸೇರಿಸಬೇಡಿ. ಅದು ದೂರು ಕೊಡಬೇಕಾದ ವಿಷಯ. ದಿನಾಂಕ, ಹೊತ್ತು ಬರೆದಿಟ್ಟು ಮನೆಯವರಿಗೂ ಕಾಲೇಜಿನ ಸಮಿತಿಗೂ ಹೇಳಿ.

ಮನೆಯವರು ಏನು ಮಾಡಬಹುದು?

ಮೊದಲನೆಯದು, ಕೇಳುವುದು. "ಆಗೋದಿಲ್ಲ" ಎಂದು ಮಗಳು ಹೇಳಿದಾಗ ಉಪದೇಶಕ್ಕೆ ಮುಂಚೆ "ಏನಾಯ್ತು ಹೇಳವ್ವಾ, ನಾನು ಕೇಳ್ತಿದ್ದೀನಿ" ಎಂದು ಹೇಳಿ. ಹತ್ತು ನಿಮಿಷ ನಡುವೆ ಬಾಯಿ ಹಾಕಬೇಡಿ. ಆಮೇಲೆ ನಾಲ್ಕು ಪ್ರಶ್ನೆ ಕೇಳಿ: ನಿದ್ದೆ ಹೇಗಿದೆ? ಊಟ ಹೇಗಿದೆ? ಯಾರಾದರೂ ತೊಂದರೆ ಕೊಡುತ್ತಿದ್ದಾರಾ? ಅಲ್ಲಿ ನಿನಗೆ ಮಾತಾಡಲು ಯಾರಿದ್ದಾರೆ? ಉತ್ತರದಿಂದ ತೊಂದರೆ ಓದಿನದೋ, ಮೈಯದೋ, ಮನುಷ್ಯರದೋ ಎಂದು ತಿಳಿಯುತ್ತದೆ. ಓದಿನ ತೊಂದರೆಗೆ ಒಂದು ದಾರಿ, ಆರೋಗ್ಯದ ತೊಂದರೆಗೆ ಇನ್ನೊಂದು, ಕಿರುಕುಳಕ್ಕೆ ಮತ್ತೊಂದು. ಎಲ್ಲಕ್ಕೂ "ತಡ್ಕೋ" ಎಂಬ ಒಂದೇ ಔಷಧಿ ನಡೆಯದು.

ಎರಡನೆಯದು, ಹಣದ ಮಾತು. ಮಳೆಗೆ ದ್ರಾಕ್ಷಿ ಒಡೆಯಿತು, ಟೊಮೇಟೊ ಬೆಲೆ ಬಿತ್ತು, ಬಡ್ಡಿ ಕಟ್ಟಬೇಕು ಎಂದು ಪ್ರತಿ ಫೋನಿನಲ್ಲೂ ಹೇಳಬೇಡಿ. ಮನೆಯ ಕಷ್ಟ ಮಕ್ಕಳಿಗೆ ತಿಳಿದಿರಲಿ, ಆದರೆ ಅದನ್ನು ಅವರ ಪರೀಕ್ಷೆಯ ಮೇಲೆ ಹೇರಬಾರದು. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಓದಿನ ಅವಧಿ ಮತ್ತು ಅದರ ಮೇಲೆ 1 ವರ್ಷ ಕಂತು ಕಟ್ಟಬೇಕಾಗಿಲ್ಲ, ಬಡ್ಡಿ ಮಾತ್ರ ಸೇರುತ್ತಾ ಹೋಗುತ್ತದೆ. ಮಗಳು ಓದಿಗೆ ಬಿಡುವು ಕೊಡಬೇಕಾಗಿ ಬಂದರೆ ಬ್ಯಾಂಕಿಗೆ ಮೊದಲೇ ಬರೆದು ತಿಳಿಸಿ. ತಮಿಳುನಾಡು ಸರ್ಕಾರ 2022ರಲ್ಲಿ ಆರಂಭಿಸಿದ 'ಪುದುಮೈ ಪೆಣ್' ಯೋಜನೆಯಲ್ಲಿ, ಸರ್ಕಾರಿ ಶಾಲೆಯಲ್ಲಿ 6ರಿಂದ 12ರವರೆಗೆ ಓದಿ ಉನ್ನತ ಶಿಕ್ಷಣಕ್ಕೆ ಸೇರಿದ ಹೆಣ್ಣುಮಕ್ಕಳಿಗೆ ತಿಂಗಳಿಗೆ 1000 ರೂಪಾಯಿ ಬರುತ್ತದೆ. ನಿಮ್ಮ ಮಗಳಿಗೆ ಸಲ್ಲುತ್ತದೆಯೇ ಎಂದು ಕಾಲೇಜಿನಲ್ಲಿ ವಿಚಾರಿಸಿ.

ಮೂರನೆಯದು, ಒಂದು ಸೆಮಿಸ್ಟರ್ ಹೋದರೆ ಬದುಕೇ ಹೋಯಿತು ಎಂಬ ಭಯ ಬಿಡಿ. 2021ರ ಪಠ್ಯಕ್ರಮದಂತೆ 4 ವರ್ಷದ ಬಿ.ಎಸ್ಸಿ.ಯನ್ನು ಮುಗಿಸಲು 8 ವರ್ಷದ ತನಕ ಅವಕಾಶ ಇದೆ. ಒಂದು ವಿಷಯದಲ್ಲಿ ನಪಾಸಾದವಳು ಮತ್ತೆ ಬರೆಯಬಹುದು. ಕಾಯಿಲೆಯಾದವಳು ಗುಣವಾಗಿ ಮರಳಬಹುದು. ಒಂದು ಬೆಳೆ ಕೈಕೊಟ್ಟರೆ ನಾವು ಜಮೀನು ಮಾರುತ್ತೇವೆಯೇ? ಎಲ್ಲವನ್ನೂ ಯೋಚಿಸಿದ ಮೇಲೂ ಈ ಓದು ತನಗೆ ಒಗ್ಗದು ಎಂದು ಮಗು ಹೇಳಿದರೆ, ಅದನ್ನೂ ಕುಟುಂಬ ಕುಳಿತು ಮಾತಾಡಬೇಕು. ಮೂಲ ಪ್ರಮಾಣಪತ್ರ ಕೊಡುವುದಿಲ್ಲ ಎಂದು ಯಾರಾದರೂ ಹೆದರಿಸಿದರೆ ನೆನಪಿಡಿ: ಕಾಲೇಜುಗಳು ವಿದ್ಯಾರ್ಥಿಗಳ ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳಬಾರದು ಎಂದು ವಿಶ್ವವಿದ್ಯಾಲಯ ಅನುದಾನ ಆಯೋಗ 2018ರಲ್ಲಿ ಸೂಚನೆ ಹೊರಡಿಸಿದೆ.

ನಾಲ್ಕನೆಯದು, ರಜೆಗೆ ಬಂದ ಮಗಳಿಗೆ ರಜೆ ಕೊಡಿ. ಬಂದ ಮೊದಲ ಎರಡು ದಿನ ಅವಳು ಹೊತ್ತೇರುವ ತನಕ ಮಲಗಿದರೆ ಎಬ್ಬಿಸಬೇಡಿ. ಬೀದಿಯವರಿಗೆಲ್ಲ ಬಿ.ಪಿ. ನೋಡು, ಚಿಕ್ಕಪ್ಪನ ಕಾಲಿನ ಗಾಯಕ್ಕೆ ಬಟ್ಟೆ ಕಟ್ಟು ಎಂದು ಕಳುಹಿಸಬೇಡಿ. ಕಾಲೇಜಿನಲ್ಲಿ ಓದುತ್ತಿರುವ ತಮ್ಮನಿಗೆ ಇಲ್ಲದ ಅಡುಗೆ, ಕಸಮುಸುರೆಯನ್ನು ಅವಳ ಮೇಲೆ ಮಾತ್ರ ಹಾಕಬೇಡಿ. ಎಂ.ಎಸ್ಸಿ. ಓದುತ್ತಿರುವ ಸೊಸೆಯಿರುವ ಮನೆಯಲ್ಲಿ, ಪ್ರಬಂಧ ಒಪ್ಪಿಸುವ ತಿಂಗಳಿನಲ್ಲಿ ಮಗುವನ್ನು ನೋಡಿಕೊಳ್ಳುವ ಸರದಿಯನ್ನು ಗಂಡ, ಅತ್ತೆ, ಮಾವ ಹಂಚಿಕೊಂಡರೆ ಅದೇ ದೊಡ್ಡ ಉಪಕಾರ.

ಕಾಲೇಜು ಮತ್ತು ಆಸ್ಪತ್ರೆಯವರಲ್ಲಿ ವಿನಂತಿ

ಬಳಲಿಕೆಯ ಮೂಲ ಕೆಲಸದಲ್ಲಿ ಇರುವಾಗ ಮದ್ದನ್ನು ವಿದ್ಯಾರ್ಥಿಯ ಮನಸ್ಸಿನಲ್ಲಿ ಮಾತ್ರ ಹುಡುಕಬಾರದು. ಮಾಸ್ಲಾಕ್ ಮತ್ತು ಮೈಕೆಲ್ ಲೈಟರ್ ಅವರು ಆರು ವಿಷಯಗಳನ್ನು ನೋಡಬೇಕು ಎನ್ನುತ್ತಾರೆ: ಕೆಲಸದ ಹೊರೆ, ತನ್ನ ಕೆಲಸದ ಮೇಲೆ ತನಗಿರುವ ಹಿಡಿತ, ಸಿಗುವ ಮನ್ನಣೆ, ಜೊತೆಗಾರರ ಒಡನಾಟ, ನ್ಯಾಯ, ಮತ್ತು ಮೌಲ್ಯಗಳು. ಧ್ಯಾನದ ಒಂದು ತರಗತಿ ನಡೆಸಿ, ಪಾಳಿಯ ಪಟ್ಟಿಯನ್ನು ಹಾಗೆಯೇ ಬಿಟ್ಟರೆ ಏನೂ ಬದಲಾಗುವುದಿಲ್ಲ. ರಾತ್ರಿ ಪಾಳಿ ಮುಗಿಸಿದವರನ್ನು ಅದೇ ಬೆಳಿಗ್ಗೆ ತರಗತಿಯಲ್ಲಿ ಕೂರಿಸದಿರುವುದು, ವಿದ್ಯಾರ್ಥಿಗಳನ್ನು ಸಿಬ್ಬಂದಿಯ ಕೊರತೆ ತುಂಬಲು ಬಳಸದಿರುವುದು, ರೋಗಿಯ ಮುಂದೆ ಬೈಯದಿರುವುದು, ಕೆಲವೇ ವಿದ್ಯಾರ್ಥಿಗಳಿಗೆ ಒಬ್ಬ ಅಧ್ಯಾಪಕರನ್ನು ಆಪ್ತರಾಗಿ ಗೊತ್ತುಮಾಡುವುದು, ಇವಕ್ಕೆ ದೊಡ್ಡ ಖರ್ಚಿಲ್ಲ. ನಮ್ಮ ಬಂಧುಗಳಲ್ಲಿ ನರ್ಸಿಂಗ್ ಅಧ್ಯಾಪಕರು, ಆಸ್ಪತ್ರೆಗಳಲ್ಲಿ ಮೇಲ್ವಿಚಾರಕರು ಇದ್ದೀರಿ. 1955ರಲ್ಲಿ ಇಬ್ಬರು ವೈದ್ಯರ ಸೇವೆಯಿಂದ ಶುರುವಾದ ಒಡ್ಡನ್‌ಛತ್ರಂನ ಕ್ರಿಶ್ಚಿಯನ್ ಫೆಲೋಶಿಪ್ ಆಸ್ಪತ್ರೆಯಿಂದ ಹಿಡಿದು 2004ರಲ್ಲಿ ಆರಂಭವಾದ ತೇನಿ ಸರ್ಕಾರಿ ವೈದ್ಯಕೀಯ ಕಾಲೇಜಿನ ತನಕ, ಈ ಸೀಮೆಯ ಆಸ್ಪತ್ರೆಗಳೆಲ್ಲ ನಡೆಯುವುದು ದಾದಿಯರ ಕೈಯಿಂದ. ಆ ಕೈ ಕಲಿಯುವಾಗಲೇ ಸೋಲಬಾರದು.

ಅಪಾಯದ ಗುರುತುಗಳು

ಬಳಲಿದವರಿಗೆ ಕೆಲಸದಿಂದ ದೂರ ಬಂದಾಗ ಸ್ವಲ್ಪ ಹಗುರೆನಿಸುತ್ತದೆ. ಆದರೆ ಮನೆಗೆ ಬಂದರೂ, ಇಷ್ಟದ ತಿಂಡಿ ಇಟ್ಟರೂ, ಗೆಳತಿಯರು ಬಂದರೂ ಸಂತೋಷವಿಲ್ಲದೆ, 2 ವಾರಕ್ಕಿಂತ ಹೆಚ್ಚು ಕಾಲ ದಿನದ ಬಹುಹೊತ್ತು ಮಂಕಾಗಿದ್ದರೆ ಅದು ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ, ವೈದ್ಯರ ಬಳಿ ಕರೆದುಕೊಂಡು ಹೋಗಬೇಕು. "ನಾನಿದ್ದು ಏನು ಪ್ರಯೋಜನ", "ನಿಮಗೆಲ್ಲ ಭಾರವಾಗಿದ್ದೀನಿ" ಎಂಬ ಮಾತು ಬಂದರೆ, ತನ್ನ ವಸ್ತುಗಳನ್ನು ಹಂಚಲು ತೊಡಗಿದರೆ, ನೇರವಾಗಿ ಕೇಳಿ: "ಸಾಯಬೇಕು ಅನ್ನಿಸ್ತಿದೆಯಾ ಮಗಳೇ?" ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಕೇಳಿದರೆ ಮನಸ್ಸು ಬಿಚ್ಚಲು ದಾರಿಯಾಗುತ್ತದೆ. ಉತ್ತರ ಹೌದು ಎಂದಾದರೆ ಒಂಟಿಯಾಗಿ ಬಿಡಬೇಡಿ, ಅಂದೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ರೈತರ ಮನೆಗೆ ಇಲ್ಲಿ ಒಂದು ವಿಶೇಷ ಮಾತು. ನಮ್ಮ ಮನೆಗಳಲ್ಲಿ ಕೀಟನಾಶಕದ ಡಬ್ಬಗಳು ಮಂಚದ ಕೆಳಗೆ, ಅಟ್ಟದ ಮೇಲೆ ಇರುತ್ತವೆ. ಸಾಯುವ ಯೋಚನೆ ಎಷ್ಟೋ ಸಲ ಸ್ವಲ್ಪ ಹೊತ್ತಿಗೆ ಮಾತ್ರ ಬಂದು ಹೋಗುತ್ತದೆ. ಆ ಹೊತ್ತಿನಲ್ಲಿ ವಿಷ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ದೇಶ ಹೆಚ್ಚು ವಿಷದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ ಅಲ್ಲಿ ಆತ್ಮಹತ್ಯೆಗಳು ಬಹಳ ಇಳಿದವು. ನಾವು ಮಾಡಬಹುದಾದದ್ದು ಇಷ್ಟು: ಬೇಕಾದಷ್ಟನ್ನೇ ಕೊಂಡು, ಉಳಿದದ್ದನ್ನು ಮನೆಯ ಹೊರಗೆ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ಕೀಲಿಯನ್ನು ಒಬ್ಬರೇ ಇಟ್ಟುಕೊಳ್ಳಿ. ಯಾರಾದರೂ ಕುಡಿದಿದ್ದಾರೆಂದು ತಿಳಿದರೆ ವಾಂತಿ ಮಾಡಿಸಲು ಹೋಗದೆ, ಉಪ್ಪುನೀರು ಕುಡಿಸದೆ, 108ಕ್ಕೆ ಫೋನ್ ಮಾಡಿ. ಡಬ್ಬವನ್ನೋ ಅದರ ಚೀಟಿಯನ್ನೋ ಜೊತೆಗೆ ತೆಗೆದುಕೊಂಡು ತಕ್ಷಣ ಆಸ್ಪತ್ರೆಗೆ ಹೋಗಿ. ಪೊಲೀಸ್ ಕೇಸಿನ ಭಯದಿಂದ ತಡ ಮಾಡಬೇಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು. ಅವರಿಗೆ ಬೇಕಾದದ್ದು ಆರೈಕೆ.

ಮಾತನಾಡಲು ಯಾರೂ ಇಲ್ಲ ಎನಿಸಿದಾಗ 14416ಕ್ಕೆ ಫೋನ್ ಮಾಡಬಹುದು. ಇದು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಾಗಿಲ್ಲ, ತಮಿಳಿನಲ್ಲಿಯೂ ಕನ್ನಡದಲ್ಲಿಯೂ ಮಾತನಾಡಬಹುದು. ಈ ಸಂಖ್ಯೆಯನ್ನು ಮಕ್ಕಳ ಫೋನಿನಲ್ಲಿ ಬರೆದಿಡಿ, ನಿಮ್ಮ ಫೋನಿನಲ್ಲಿಯೂ ಇರಲಿ.

ಬಂಧುಗಳೇ, ನಾಳೆ ನಮಗೆ ಕಾಯಿಲೆಯಾದಾಗ ಹಾಸಿಗೆಯ ಪಕ್ಕ ನಿಂತು ನಾಡಿ ಹಿಡಿಯುವವರು ಇಂದು ಹಾಸ್ಟೆಲಿನ ಕೋಣೆಯಲ್ಲಿ ನಿದ್ದೆಗೆಟ್ಟು ಕುಳಿತಿರುವ ಈ ಮಕ್ಕಳೇ. ಈ ವಾರ ನಿಮ್ಮ ಮನೆಯ, ಇಲ್ಲವೇ ಪಕ್ಕದ ಮನೆಯ ನರ್ಸಿಂಗ್ ವಿದ್ಯಾರ್ಥಿಗೆ ಒಂದು ಫೋನ್ ಮಾಡಿ. ಅಂಕ ಎಷ್ಟು ಬಂತು ಎಂದು ಕೇಳುವ ಮೊದಲು ಊಟ ಆಯಿತೇ, ನಿದ್ದೆ ಆಯಿತೇ ಎಂದು ಕೇಳಿ.